ಒಲಿಗೂರಿಯಾ ಬಾಯಿಪಾಠ ಬೇಡ, ಯೂರಿನ್ ಬ್ಯಾಗ್ ನೋಡಿ

ಪ್ರಶ್ನೆ: ನಾನು ಕಾಸರಗೋಡಿನ ಬದಿಯಡ್ಕ ಹತ್ತಿರದವಳು. ಹತ್ತನೇ ಕ್ಲಾಸಿನವರೆಗೆ ಕನ್ನಡ ಮೀಡಿಯಂ. ಪ್ಲಸ್‌ಟುವಿನಲ್ಲಿ ಸೈನ್ಸ್ ತೆಗೆದುಕೊಂಡು ಹೇಗೋ ಪಾಸಾದೆ. ಈಗ ಮಂಗಳೂರಿನಲ್ಲಿ ಬಿಎಸ್ಸಿ ನರ್ಸಿಂಗ್ ಮೊದಲ ವರ್ಷ. ಮೆಡಿಕಲ್ ಟರ್ಮಿನಾಲಜಿ ತಲೆಗೆ ಹತ್ತುವುದೇ ಇಲ್ಲ. ದಿನಕ್ಕೆ ನಲವತ್ತು ಶಬ್ದ ಬಾಯಿಪಾಠ ಮಾಡುತ್ತೇನೆ, ವಾರ ಕಳೆಯುವಾಗ ಹತ್ತೂ ನೆನಪಿರುವುದಿಲ್ಲ. ವಾರ್ಡಿನಲ್ಲಿ ಶಿಫ್ಟ್ ಬದಲಾಗಿ ಹ್ಯಾಂಡೋವರ್ ಆಗುವಾಗ ಸಿಸ್ಟರ್ ಹೇಳಿದ್ದು ಅರ್ಧಕ್ಕರ್ಧ ಅರ್ಥವಾಗುವುದಿಲ್ಲ. ಉಚ್ಚಾರವನ್ನು ಕನ್ನಡದಲ್ಲಿ ಬರೆದುಕೊಂಡರೆ ರೂಮ್‌ಮೇಟ್‌ಗಳು ನಗುತ್ತಾರೆ. ಅದು ತಪ್ಪಾ? ಯಾವ ಪುಸ್ತಕ ತೆಗೆದುಕೊಳ್ಳಲಿ?

ಉತ್ತರ: ಮೊದಲು ಆ ನಲವತ್ತು ಶಬ್ದದ ಪಟ್ಟಿಯನ್ನು ಬದಿಗಿಡಿ. ಅದು ಮರೆತುಹೋಗುವುದಕ್ಕೂ ನಿಮ್ಮ ಕನ್ನಡ ಮೀಡಿಯಂಗೂ ಸಂಬಂಧ ಇಲ್ಲ. ಹರ್ಮನ್ ಎಬ್ಬಿಂಗ್‌ಹಾಸ್ ಎಂಬ ಜರ್ಮನ್ ಮನಶ್ಶಾಸ್ತ್ರಜ್ಞರು ಅರ್ಥವೇ ಇಲ್ಲದ ಅಕ್ಷರಗಳ ಸಾಲುಗಳನ್ನು ತಾವೇ ಬಾಯಿಪಾಠ ಮಾಡಿ, ಎಷ್ಟು ಬೇಗ ಮರೆಯುತ್ತದೆ ಎಂದು ಲೆಕ್ಕ ಇಟ್ಟು 1885ರಲ್ಲಿ ಪ್ರಕಟಿಸಿದ್ದರು. ಅರ್ಧಕ್ಕಿಂತ ಜಾಸ್ತಿ ಒಂದೇ ದಿನದೊಳಗೆ ಹೋಗಿತ್ತು. ನಿಮ್ಮ ಪಟ್ಟಿಯ ಶಬ್ದಗಳೂ ಸದ್ಯಕ್ಕೆ ನಿಮಗೆ ಅಂಥ ಅಕ್ಷರಗಳೇ ಅಲ್ವಾ? ಅವಕ್ಕೆ ಮುಖ ಇಲ್ಲ, ಬೆಡ್ ನಂಬರ್ ಇಲ್ಲ. ಹಾಗಾಗಿ ನಿಲ್ಲುವುದಿಲ್ಲ.

ನಾನು ಮೊದಲು ವಾರ್ಡಿನಲ್ಲಿದ್ದು ಆಮೇಲೆ ಕ್ಲಾಸಿಗೆ ಬಂದವಳು. ಹಾಗಾಗಿ ನನ್ನ ಅಳತೆ ಬೇರೆ. ಒಂದು ಶಬ್ದ ಕಿವಿಗೆ ಬಿದ್ದ ಕೂಡಲೇ ಆ ರೋಗಿಯ ಹತ್ತಿರ ಹೋಗಿ ಏನು ನೋಡಬೇಕು, ಏನು ಮಾಡಬಾರದು ಎಂದು ಹೊಳೆದರೆ ಆ ಶಬ್ದ ನಿಮಗೆ ಬಂತು ಅಂತ. ಡಿಕ್ಷನರಿಯ ಅರ್ಥ ಒಪ್ಪಿಸಿದರೆ ಇಂಟರ್ನಲ್ಸ್‌ನಲ್ಲಿ ಮಾರ್ಕ್ ಸಿಗುತ್ತದೆ, ಅಷ್ಟೇ.

ಒಂದು ಹ್ಯಾಂಡೋವರನ್ನೇ ತೆಗೆದುಕೊಳ್ಳೋಣ. ಮಳೆಗಾಲದಲ್ಲಿ ನಮ್ಮ ಕಡೆಯ ಯಾವ ಮೆಡಿಕಲ್ ವಾರ್ಡಿನಲ್ಲೂ ಹೀಗೆ ಕೇಳಬಹುದು: "ಬೆಡ್ ಏಳು, ಲೆಪ್ಟೋ ವಿತ್ ಎಕೆಐ. ಮಯಾಲ್ಜಿಯಾ ಉಂಟು, ಐಕ್ಟೆರಸ್ ಪ್ಲಸ್. ಒಲಿಗೂರಿಕ್. ಥ್ರಾಂಬೋಸೈಟೋಪೀನಿಯಾ ಇದೆ, ನೋ ಐಎಂ. ಸ್ಟ್ರಿಕ್ಟ್ ಐಓ." ಇಷ್ಟು ಹೇಳಿ ಸಿಸ್ಟರ್ ಬೆಡ್ ಎಂಟಕ್ಕೆ ಹೋಗಿಯಾಯಿತು. ನೀವು ಇನ್ನೂ ಲೆಪ್ಟೋದಲ್ಲೇ ಇದ್ದೀರಿ.

ಲೆಪ್ಟೋ ಅಂದರೆ ಲೆಪ್ಟೋಸ್ಪೈರೋಸಿಸ್, ಊರಿನ ಭಾಷೆಯಲ್ಲಿ ಇಲಿ ಜ್ವರ. ಗದ್ದೆಯಲ್ಲಿ, ತೋಟದ ಕಣಿಯಲ್ಲಿ ನಿಂತ ನೀರಿಗೆ ಇಲಿಯ ಮೂತ್ರ ಸೇರಿರುತ್ತದೆ. ಕಾಲಿನ ಗಾಯದ ಮೂಲಕ ರೋಗಾಣು ಒಳಗೆ ಹೋಗುತ್ತದೆ. ಲೆಪ್ಟೋ ಎಂದರೆ ತೆಳು, ಸ್ಪೈರಾ ಎಂದರೆ ಸುರುಳಿ. ಮೈಕ್ರೋಸ್ಕೋಪಿನಲ್ಲಿ ಆ ಬ್ಯಾಕ್ಟೀರಿಯಾ ಕಾಣುವುದೂ ಹಾಗೆಯೇ. ಮಯಾಲ್ಜಿಯಾದಲ್ಲಿ ಮಯೋ ಎಂದರೆ ಮಾಂಸಖಂಡ, ಆಲ್ಜಿಯಾ ಎಂದರೆ ನೋವು. ಇಲಿ ಜ್ವರದಲ್ಲಿ ಮೀನಖಂಡ ಮುಟ್ಟಿದರೆ ರೋಗಿ ಕಾಲು ಎಳೆದುಕೊಳ್ಳುತ್ತಾರೆ. ಒಮ್ಮೆ ಅದನ್ನು ನೋಡಿದರೆ ಮಯಾಲ್ಜಿಯಾ ಮತ್ತೆ ಮರೆಯುವುದಿಲ್ಲ. ಐಕ್ಟೆರಸ್ ಅಂದರೆ ಕಾಮಾಲೆಯ ಹಳದಿ. ಅದನ್ನು ಹಗಲು ಬೆಳಕಿನಲ್ಲಿ ಕಣ್ಣಿನ ಬಿಳಿಭಾಗದಲ್ಲಿ ನೋಡಬೇಕು. ಟ್ಯೂಬ್‌ಲೈಟಿನಡಿ ಮೋಸ ಹೋಗುತ್ತೀರಿ.

ಈಗ ಒಲಿಗೂರಿಯಾ. ಒಲಿಗೋ ಎಂದರೆ ಕಡಿಮೆ, ಯೂರಿಯಾ ಎಂಬ ಬಾಲ ಮೂತ್ರಕ್ಕೆ. ಎಕೆಐ ಎಂದರೆ ಅಕ್ಯೂಟ್ ಕಿಡ್ನಿ ಇಂಜುರಿ, ಕಿಡ್ನಿಗೆ ದಿಢೀರ್ ಪೆಟ್ಟು. ದೊಡ್ಡವರಲ್ಲಿ 24 ಗಂಟೆಗೆ 400 ಎಂಎಲ್‌ಗಿಂತ ಕಡಿಮೆ ಮೂತ್ರ ಬಂದರೆ ಒಲಿಗೂರಿಯಾ, 100 ಎಂಎಲ್‌ಗಿಂತ ಕಡಿಮೆಯಾದರೆ ಎನ್ಯೂರಿಯಾ. ಸ್ಟ್ರಿಕ್ಟ್ ಐಓ ಎಂದರೆ ಒಳಗೆ ಹೋದದ್ದು (ಇಂಟೇಕ್), ಹೊರಗೆ ಬಂದದ್ದು (ಔಟ್‌ಪುಟ್) ಎರಡನ್ನೂ ತಪ್ಪದೆ ಅಳೆದು ಬರೆಯುವುದು. ಗಂಟೆಯ ಲೆಕ್ಕ ಬೇಕಿದ್ದರೆ ತೂಕದ ಪ್ರತಿ ಕಿಲೋಗೆ ಅರ್ಧ ಎಂಎಲ್. ಅಂದರೆ 60 ಕಿಲೋ ತೂಕದವರ ಬ್ಯಾಗಿನಲ್ಲಿ ಗಂಟೆಗೆ 30 ಎಂಎಲ್ ಆದರೂ ಬೀಳಬೇಕು. ಬೀಳದಿದ್ದರೆ ಹೇಳಬೇಕಾದವರು ನೀವು. ಆದರೆ ಹೇಳುವ ಮೊದಲು ಟ್ಯೂಬ್ ಎಲ್ಲಾದರೂ ಮಡಚಿದೆಯಾ, ರೋಗಿಯ ತೊಡೆಯಡಿ ಸಿಕ್ಕಿದೆಯಾ ಎಂದು ನೋಡಿ. ಅರ್ಧ ಒಲಿಗೂರಿಯಾ ಅಲ್ಲೇ ವಾಸಿಯಾಗುತ್ತದೆ!

ಇದಕ್ಕೇ ಅಂಟಿದ ಇನ್ನೊಂದು ಮಾತು. ಮನೆಯವರು ಬಂದು "ಸಿಸ್ಟರೇ, ಮೂತ್ರ ಕಟ್ಟಿದೆ" ಎನ್ನುತ್ತಾರೆ. ಅದನ್ನು ಸೀದಾ ಎನ್ಯೂರಿಯಾ ಎಂದು ಬರೆಯಬೇಡಿ. ಕಿಡ್ನಿ ಮೂತ್ರವನ್ನೇ ತಯಾರು ಮಾಡದಿದ್ದರೆ ಎನ್ಯೂರಿಯಾ. ತಯಾರಾದದ್ದು ಮೂತ್ರಚೀಲದಲ್ಲೇ ನಿಂತಿದ್ದರೆ ರಿಟೆನ್ಶನ್. ಕೆಳಹೊಟ್ಟೆ ಉಬ್ಬಿ ಗಟ್ಟಿಯಾಗಿದೆಯಾ, ಮುಟ್ಟಿದರೆ ಹೋಗಬೇಕು ಅನ್ನಿಸುತ್ತದಾ ಎಂದು ನೋಡಿದರೆ ಮೊದಲ ಅಂದಾಜು ಸಿಗುತ್ತದೆ. ರಿಟೆನ್ಶನ್‌ಗೆ ಕೆಥಟರ್, ಅಂದರೆ ಮೂತ್ರದ ಟ್ಯೂಬ್, ಹಾಕಿದರೆ ಆರಾಮ; ಎನ್ಯೂರಿಯಾಕ್ಕೆ ಹಾಕಿದರೂ ಬ್ಯಾಗ್ ಖಾಲಿ.

ಥ್ರಾಂಬೋಸೈಟೋಪೀನಿಯಾ ನೋಡಲು ಭಯಂಕರ, ಬಿಡಿಸಿದರೆ ಸುಲಭ. ಥ್ರಾಂಬೋ ಎಂದರೆ ಹೆಪ್ಪು, ಸೈಟೋ ಎಂದರೆ ಜೀವಕೋಶ, ಪೀನಿಯಾ ಎಂದರೆ ಕೊರತೆ. ಪ್ಲೇಟ್‌ಲೆಟ್ ಒಂದೂವರೆ ಲಕ್ಷಕ್ಕಿಂತ ಕಡಿಮೆ ಎಂದು ಲೆಕ್ಕ. "ನೋ ಐಎಂ" ಎಂದು ಸಿಸ್ಟರ್ ಯಾಕೆ ಹೇಳಿದರು ಎಂದು ಈಗ ಗೊತ್ತಾಯಿತಲ್ವಾ? ಸ್ನಾಯುವಿಗೆ ಇಂಜೆಕ್ಷನ್ ಚುಚ್ಚಿದರೆ ಒಳಗೆ ರಕ್ತ ಸೋರಿ ಗಡ್ಡೆ ಕಟ್ಟಬಹುದು. ಬ್ರಷ್ ಮಾಡುವಾಗ ವಸಡಿನಲ್ಲಿ ರಕ್ತ ಬಂತಾ, ಚರ್ಮದ ಮೇಲೆ ಕೆಂಪು ಚುಕ್ಕೆ ಎದ್ದಿದೆಯಾ, ಮಲ ಕಪ್ಪಾಗಿದೆಯಾ ಎಂದು ಕೇಳಬೇಕು. ಪೀನಿಯಾ ಎಂಬ ಈ ಬಾಲ ಲ್ಯೂಕೋಪೀನಿಯಾ, ನ್ಯೂಟ್ರೋಪೀನಿಯಾ ಎಂದು ಮುಂದೆಯೂ ಬರುತ್ತದೆ. ಅಲ್ಲಿ ಕೊರತೆ ಬಿಳಿ ರಕ್ತಕಣದ್ದು, ಭಯ ಸೋಂಕಿನದ್ದು. ಡೆಂಗಿ ರೋಗಿಗಳು ಬಂದಾಗ ಇದೇ ಶಬ್ದಗಳು ದಿನಕ್ಕೆ ಎಷ್ಟೋ ಸಲ ಕಿವಿಗೆ ಬೀಳುತ್ತವೆ.

ಒಬ್ಬ ರೋಗಿಯಿಂದ ಎಷ್ಟು ಶಬ್ದ ಬಂತು ನೋಡಿ. ಅವೆಲ್ಲ ಒಂದಕ್ಕೊಂದು ಕೈ ಹಿಡಿದುಕೊಂಡೇ ಬಂದವು.

ಶಬ್ದ ಬಿಡಿಸುವಾಗ ಬಾಲದಿಂದ ಶುರು ಮಾಡಿ. ಕ್ಲಾಸಿನಲ್ಲಿ ಪ್ರಿಫಿಕ್ಸ್, ರೂಟ್, ಸಫಿಕ್ಸ್ (ತಲೆ, ಬೇರು, ಬಾಲ) ಎಂಬ ಕ್ರಮದಲ್ಲಿ ಹೇಳಿಕೊಡುತ್ತಾರೆ. ಓದುವಾಗ ತಿರುಗಿಸಿ ಓದಿದರೆ ನಮಗೆ ಸುಲಭ. ಹೊಟ್ಟೆನೋವು, ತಲೆನೋವು, ಹಲ್ಲುನೋವು ಎಂದು ನಾವು ಹೇಳುವ ಹಾಗೆಯೇ ಅವರದ್ದು ಗ್ಯಾಸ್ಟ್ರಾಲ್ಜಿಯಾ, ಸೆಫಲಾಲ್ಜಿಯಾ, ಓಡಾಂಟಾಲ್ಜಿಯಾ. ನೋವನ್ನು ಒಮ್ಮೆ ಕಲಿತರೆ ಸಾಕು, ಜಾಗ ಮಾತ್ರ ಬದಲಾಗುತ್ತದೆ.

ಸರ್ಜಿಕಲ್ ವಾರ್ಡಿಗೆ ಪೋಸ್ಟಿಂಗ್ ಹಾಕಿದಾಗ ಮೂರು ಬಾಲಗಳ ಮೇಲೆ ಕಣ್ಣಿಡಿ: ಓಟಮಿ, ಎಕ್ಟಮಿ, ಓಸ್ಟಮಿ. ಓಟಮಿ ಅಂದರೆ ಕೊಯ್ದಿದ್ದಾರೆ. ಲ್ಯಾಪರಾಟಮಿ ಆದವರಿಗೆ ಹೊಟ್ಟೆಯ ಮೇಲೆ ಗಾಯ ಇದೆ, ನೀವು ಡ್ರೆಸ್ಸಿಂಗ್ ನೋಡುತ್ತೀರಿ. ಎಕ್ಟಮಿ ಅಂದರೆ ತೆಗೆದೇ ಬಿಟ್ಟಿದ್ದಾರೆ. ಕೋಲೆಸಿಸ್ಟೆಕ್ಟಮಿಯಲ್ಲಿ ಕೋಲೆ ಎಂದರೆ ಪಿತ್ತ, ಸಿಸ್ಟ್ ಎಂದರೆ ಚೀಲ. ಪಿತ್ತಕೋಶ ಇನ್ನು ಆ ರೋಗಿಗೆ ಇಲ್ಲ. ಓಸ್ಟಮಿ ಅಂದರೆ ಬಾಯಿ ಮಾಡಿ ಹೊರಗೆ ತೆರೆದಿಟ್ಟಿದ್ದಾರೆ. ಕೊಲಾಸ್ಟಮಿಯವರಿಗೆ ಹೊಟ್ಟೆಯ ಮೇಲೆ ಬ್ಯಾಗ್ ಇರುತ್ತದೆ, ಆ ಬಾಯಿಯ ಬಣ್ಣ ಕೆಂಪು ಹೋಗಿ ಕಪ್ಪಾಗುತ್ತಿದೆಯಾ ಎಂದು ನೋಡುವುದು ನಿಮ್ಮ ಕೆಲಸ. ಟ್ರೇಕಿಯಾಸ್ಟಮಿ ಆದವರು ಕರೆಯಲು ಬಾಯಿ ತೆರೆದರೂ ಸಾಮಾನ್ಯವಾಗಿ ಸ್ವರ ಬರುವುದಿಲ್ಲ, ಹಾಗಾಗಿ ಬೆಲ್ ಕೈಗೆ ಸಿಗುವಲ್ಲಿ ಇಡಬೇಕು. ಬಾಲದ ಒಂದೆರಡು ಅಕ್ಷರಕ್ಕೆ ನರ್ಸಿನ ಇಡೀ ಶಿಫ್ಟ್ ಬದಲಾಗುತ್ತದೆ.

ಒಂದೇ ಅಂಗಕ್ಕೆ ಎರಡು ಹೆಸರು ಯಾಕೆ ಎಂದು ಎಲ್ಲ ಮಕ್ಕಳೂ ಕೇಳುತ್ತಾರೆ. ಒಂದು ಗ್ರೀಕಿನದ್ದು, ಇನ್ನೊಂದು ಲ್ಯಾಟಿನ್‌ನದ್ದು. ಕಾಯಿಲೆಗೆ, ಆಪರೇಶನ್‌ಗೆ ಸಾಮಾನ್ಯವಾಗಿ ಗ್ರೀಕ್ ಬರುತ್ತದೆ, ಅಂಗರಚನೆಗೆ ಲ್ಯಾಟಿನ್. ಹಾಗಾಗಿ ಕಿಡ್ನಿಗೆ ಬಾವು ಬಂದರೆ ನೆಫ್ರೈಟಿಸ್, ಕಿಡ್ನಿಗೆ ಹೋಗುವ ರಕ್ತನಾಳ ರೀನಲ್ ಆರ್ಟರಿ. ಚರ್ಮದ ಬಾವು ಡರ್ಮಟೈಟಿಸ್, ಚರ್ಮದಡಿಯ ಇಂಜೆಕ್ಷನ್ ಸಬ್‌ಕ್ಯುಟೇನಿಯಸ್. ಇದು ನೂರಕ್ಕೆ ನೂರು ನಡೆಯುವ ನಿಯಮ ಅಲ್ಲ, ಆದರೆ ಜೋಡಿಯಾಗಿ ಬರೆದಿಟ್ಟುಕೊಂಡರೆ ಗೊಂದಲ ಕಮ್ಮಿ.

ಈಗ ಕನ್ನಡದಲ್ಲಿ ಬರೆದುಕೊಳ್ಳುವ ವಿಷಯ. ಧಾರಾಳವಾಗಿ ಬರೆಯಿರಿ. ನಗುವವರು ನಗಲಿ. ಅವರಲ್ಲೂ ಎಷ್ಟೋ ಜನ ಮಲಯಾಳದಲ್ಲಿ ಬರೆದುಕೊಂಡಿರುತ್ತಾರೆ, ತೋರಿಸುವುದಿಲ್ಲ ಅಷ್ಟೇ. ಇಂಗ್ಲಿಷ್ ಸ್ಪೆಲ್ಲಿಂಗ್ ನೋಡಿದರೆ ಉಚ್ಚಾರ ಗೊತ್ತಾಗುವುದಿಲ್ಲ. ನ್ಯುಮೋನಿಯಾದ ಮೊದಲಿಗೆ ಇರುವ ಪಿ ಮಾತಾಡುವುದಿಲ್ಲ, ಟೋಸಿಸ್‌ನದ್ದೂ (ಕಣ್ಣಿನ ರೆಪ್ಪೆ ಜೋತುಬೀಳುವುದು) ಹಾಗೆಯೇ. ಸಿ-ಎಚ್ ಹೆಚ್ಚಾಗಿ 'ಕ' ಆಗುತ್ತದೆ. ಇದನ್ನೆಲ್ಲ ಕನ್ನಡ ಅಕ್ಷರ ಚೆನ್ನಾಗಿ ಹಿಡಿದಿಡುತ್ತದೆ.

ಆದರೆ ಕನ್ನಡದಲ್ಲಿ ಮಾತ್ರ ಬರೆದರೆ ಗುಂಡಿಗೆ ಬೀಳುತ್ತೀರಿ. ಹೆಮಟೂರಿಯಾದ ಬಾಲವೂ 'ಯೂರಿಯಾ', ಲ್ಯಾಬಿಗೆ ಕಳಿಸುವ ಬ್ಲಡ್ ಯೂರಿಯಾವೂ 'ಯೂರಿಯಾ'. ಕನ್ನಡದಲ್ಲಿ ಎರಡೂ ಒಂದೇ. ಇಂಗ್ಲಿಷಿನಲ್ಲಿ ಒಂದಕ್ಕೆ ಯು-ಆರ್-ಐ-ಎ, ಇನ್ನೊಂದಕ್ಕೆ ಯು-ಆರ್-ಇ-ಎ. ಮೊದಲನೆಯದು ಮೂತ್ರದಲ್ಲಿ ರಕ್ತ, ಎರಡನೆಯದು ರಕ್ತದಲ್ಲಿರುವ ಒಂದು ರಾಸಾಯನಿಕ. ಇಲಿಯಮ್ ಕೂಡ ಹಾಗೆಯೇ. ಐ-ಎಲ್-ಇ ಎಂದು ಬರೆದರೆ ಸಣ್ಣಕರುಳಿನ ಕೊನೆ, ಐ-ಎಲ್-ಐ ಎಂದು ಬರೆದರೆ ಸೊಂಟದ ಮೂಳೆ. ಪರೀಕ್ಷೆಯೂ ಕೇಸ್ ಶೀಟೂ ಇಂಗ್ಲಿಷಿನಲ್ಲೇ ಇರುವುದರಿಂದ ಸ್ಪೆಲ್ಲಿಂಗ್ ಎಡಗಡೆ, ಉಚ್ಚಾರ ಬಲಗಡೆ ಇರಲಿ. ಸ್ಪೆಲ್ಲಿಂಗಿನಲ್ಲಿ ಇನ್ನೊಂದು ತಮಾಷೆ ಉಂಟು. ಬ್ರಿಟಿಷ್ ಪುಸ್ತಕದಲ್ಲಿ ಎಡೀಮಾ, ಈಸೋಫೇಗಸ್ ಓ ಅಕ್ಷರದಿಂದ ಶುರುವಾಗುತ್ತವೆ, ಅಮೆರಿಕದ ಪುಸ್ತಕದಲ್ಲಿ ಇ ಅಕ್ಷರದಿಂದ. ಡಿಕ್ಷನರಿಯಲ್ಲಿ ಒಂದು ಕಡೆ ಸಿಗದಿದ್ದರೆ ಇನ್ನೊಂದು ಕಡೆ ಹುಡುಕಿ.

ಒಂದರಂತೆ ಇನ್ನೊಂದು ಕೇಳುವ ಶಬ್ದಗಳಿಗೆ ಮಾತ್ರ ನಾನು ಬಾಯಿಪಾಠಕ್ಕೆ ಒಪ್ಪುತ್ತೇನೆ. ಡಿಸ್‌ಫೇಜಿಯಾ ಎಂದರೆ ನುಂಗಲು ಕಷ್ಟ, ಡಿಸ್‌ಫೇಸಿಯಾ ಎಂದರೆ ಮಾತಿನ ತೊಂದರೆ. ಸ್ಟ್ರೋಕ್ ಆದವರಿಗೆ ಎರಡೂ ಇರಬಹುದು. ಜಿ ಅಕ್ಷರ ಗಂಟಲಿಗೆ, ಎಸ್ ಅಕ್ಷರ ಸ್ಪೀಚಿಗೆ ಎಂದು ನನ್ನ ಕ್ಲಾಸಿನ ಮಕ್ಕಳಿಗೆ ಹೇಳಿಕೊಡುತ್ತೇನೆ. ಮೊದಲನೆಯದನ್ನು ಎರಡನೆಯದು ಎಂದುಕೊಂಡು, ನುಂಗಲು ಆಗುತ್ತದಾ ಎಂದು ಪರೀಕ್ಷಿಸದೆ ನೀರು ಕುಡಿಸಿದರೆ ಅದು ಶ್ವಾಸಕೋಶಕ್ಕೆ ಹೋಗಬಹುದು. ಯುರೇಟರ್ ಕಿಡ್ನಿಯಿಂದ ಚೀಲಕ್ಕೆ, ಯುರೀಥ್ರಾ ಚೀಲದಿಂದ ಹೊರಗೆ; ಕೆಥಟರ್ ಹೋಗುವುದು ಎರಡನೆಯದರಲ್ಲಿ. ಅಬ್ಡಕ್ಷನ್ ಎಂದರೆ ಕೈಕಾಲನ್ನು ಮೈಯಿಂದ ದೂರ ಸರಿಸುವುದು, ಅಡಕ್ಷನ್ ಎಂದರೆ ಹತ್ತಿರ ತರುವುದು; ಎರಡನ್ನೂ ಆರ್ಥೋ ಡಾಕ್ಟರುಗಳು "ಎ-ಬಿ-ಡಕ್ಷನ್", "ಎ-ಡಿ-ಡಕ್ಷನ್" ಎಂದು ಬಿಡಿಸಿಯೇ ಹೇಳುತ್ತಾರೆ. ನೀವೂ ಹಾಗೇ ಹೇಳಿ, ನಾಚಿಕೆ ಬೇಡ. ಇನ್ನು ಹೈಪೋ ಎಂದರೆ ಕಡಿಮೆ, ಹೈಪರ್ ಎಂದರೆ ಜಾಸ್ತಿ. ಫೋನಿನಲ್ಲಿ ಯಾರಾದರೂ "ಹೈಪೋಗ್ಲೈಸೀಮಿಯಾ" ಎಂದರೆ ಶಬ್ದವನ್ನು ನಂಬಬೇಡಿ, ಶುಗರಿನ ನಂಬರ್ ಕೇಳಿ. 70ಕ್ಕಿಂತ ಕಡಿಮೆ ಎಂದರೆ ಸಂಶಯ ಇಲ್ಲ. ಕೇಳಿದ್ದನ್ನು ತಿರುಗಿ ಹೇಳಿ, ಅವರು ಹೌದು ಎಂದ ಮೇಲೆ ಫೋನ್ ಇಡಿ.

ನಿಮ್ಮ ಊರಿನಿಂದ ನಿಮಗೆ ಸಿಕ್ಕಿರುವ ಅನುಕೂಲವನ್ನು ನೀವು ಲೆಕ್ಕಕ್ಕೇ ಹಿಡಿದಿಲ್ಲ. ಬದಿಯಡ್ಕದವರಿಗೆ ಕನ್ನಡ, ತುಳು, ಮಲಯಾಳ ಮೂರೂ ಕಿವಿಗೆ ಬಿದ್ದೇ ಇರುತ್ತದೆ. ಮಂಗಳೂರಿನ ವಾರ್ಡಿಗೆ ಮಂಜೇಶ್ವರದವರು, ಉಪ್ಪಳದವರು, ಪೆರ್ಲದವರು ಬರುತ್ತಲೇ ಇರುತ್ತಾರೆ. ಅಜ್ಜಿ "ತರೆ ತಿರ್ಗುಂಡು" ಎನ್ನುತ್ತಾರೆ, ಪಕ್ಕದ ಬೆಡ್ಡಿನವರು "ತಲಕರಕ್ಕಂ" ಎನ್ನುತ್ತಾರೆ, ಕೇಸ್ ಶೀಟಿನಲ್ಲಿ ಗಿಡ್ಡಿನೆಸ್ ಎಂದಿರುತ್ತದೆ. "ಶ್ವಾಸಂ ಮುಟ್ಟಲ್" ಎಂದರೆ ಉಸಿರಾಡಲು ಕಷ್ಟ, ಡಿಸ್‌ನಿಯಾ. ನೋಟ್‌ಬುಕ್ಕಿನಲ್ಲಿ ಇವಕ್ಕೂ ಜಾಗ ಕೊಡಿ.

ಹಾಗೆಂದು ಗೊತ್ತಿದೆ ಎಂಬ ಧೈರ್ಯದಲ್ಲಿ ಜಾರಬೇಡಿ. ಮಲಯಾಳದಲ್ಲಿ "ಕರಳ್" ಎಂದರೆ ಲಿವರ್. ನಮ್ಮ ಕಿವಿಗೆ ಅದು ಕರುಳು ಎಂದೇ ಕೇಳುತ್ತದೆ. ರೋಗಿಯ ಜೊತೆಗಿರುವ ಬೈಸ್ಟಾಂಡರ್ "ಮೊದಲೇ ಕರಳ್ ರೋಗಂ ಇದೆ" ಎಂದು ಮಿಶ್ರಭಾಷೆಯಲ್ಲಿ ಹೇಳಿದರೆ ಕನ್ನಡದ ಹುಡುಗಿ ಕರುಳಿನ ಕಾಯಿಲೆ ಎಂದು ಬರೆದು ಬಿಡಬಹುದು. ಲಿವರ್ ಹಾಳಾದವರಿಗೆ ಎಷ್ಟೋ ಮಾತ್ರೆಗಳ ಡೋಸೇ ಬೇರೆ. ಹಾಗೇ "ಕಾಲಿಲ್ ನೀರ್" ಎಂದರೆ ಬಾವು, ಎಡೀಮಾ. ಬೆರಳಿನಿಂದ ಒತ್ತಿ ನೋಡಿ ಗುಳಿ ಬೀಳುತ್ತದೆಯಾ ಎಂದು ಬರೆಯಬೇಕು. ಸಂಶಯ ಬಂದರೆ ಕೈಯಿಂದ ತೋರಿಸಲು ಹೇಳಿ. ಹೊಟ್ಟೆಯ ಬಲಮೇಲ್ಭಾಗಕ್ಕೆ ಕೈ ಇಟ್ಟರೆ ಮಾತು ಸ್ಪಷ್ಟವಾಗುತ್ತದೆ. ಅಂದಹಾಗೆ ಬಲ ಎಂದರೆ ಯಾವಾಗಲೂ ರೋಗಿಯ ಬಲ.

ಇನ್ನೊಂದು ಶಬ್ದ ನನಗೆ ಸಿಟ್ಟು ಬರಿಸುವಂಥದ್ದು: "ಗ್ಯಾಸ್ಟ್ರಿಕ್". ನಮ್ಮ ಊರಿನಲ್ಲಿ ಎದೆಯುರಿ, ತೇಗು, ಎದೆ ಹಿಂಡಿದ ಹಾಗೆ ಆಗುವುದು ಎಲ್ಲವೂ ಗ್ಯಾಸ್ಟ್ರಿಕ್ಕೇ. ರೋಗಿ ಹಾಗೆ ಹೇಳಿದರೆ ಗ್ಯಾಸ್ಟ್ರೈಟಿಸ್ ಎಂದು ಬರೆಯಬೇಡಿ. ಅದು ಡಾಕ್ಟರ್ ಮಾಡುವ ಡಯಾಗ್ನೋಸಿಸ್. ರೋಗಿಯ ಮಾತನ್ನು ಉದ್ಧರಣ ಚಿಹ್ನೆಯಲ್ಲಿ ಹಾಗೆಯೇ ಬರೆಯಿರಿ, ನೋವು ಎಲ್ಲಿ, ಎಷ್ಟು ಹೊತ್ತಿನಿಂದ, ಕೈಗೋ ದವಡೆಗೋ ಹರಡುತ್ತದಾ, ಬೆವರು ಇದೆಯಾ ಎಂದು ಕೇಳಿ, ಕೂಡಲೇ ಸ್ಟಾಫಿಗೆ ತಿಳಿಸಿ. ಹಾರ್ಟ್ ಅಟ್ಯಾಕ್ ಎಷ್ಟೋ ಸಲ ಗ್ಯಾಸ್ಟ್ರಿಕ್ ಎಂಬ ಹೆಸರಿನಲ್ಲೇ ಆಸ್ಪತ್ರೆಗೆ ಬರುತ್ತದೆ.

ಸಂಕ್ಷೇಪಗಳು ಶಬ್ದಗಳಿಗಿಂತ ಅಪಾಯ. ಬಿಡಿ (ದಿನಕ್ಕೆ ಎರಡು ಸಲ), ಟಿಡಿಎಸ್ (ಮೂರು ಸಲ), ಎಚ್‌ಎಸ್ (ಮಲಗುವಾಗ), ಸ್ಟ್ಯಾಟ್ (ಕೂಡಲೇ), ಎನ್‌ಪಿಓ (ಬಾಯಿಗೆ ಏನೂ ಕೊಡಬಾರದು) ಇವೆಲ್ಲ ಲ್ಯಾಟಿನ್‌ನಿಂದ ಬಂದವು. ಎರಡು ವಾರ ಡ್ರಗ್ ಚಾರ್ಟ್ ನೋಡಿದರೆ ತಾನಾಗಿ ಬರುತ್ತವೆ. ಆದರೆ ಓಡಿ ಎಂದರೆ ನಮ್ಮಲ್ಲಿ ದಿನಕ್ಕೊಮ್ಮೆ, ಕಣ್ಣಿನ ವಾರ್ಡಿನಲ್ಲಿ ಬಲಗಣ್ಣು. ಇನ್ಸುಲಿನ್ ಬರೆಯುವಾಗ ಯೂನಿಟ್ ಎಂಬುದಕ್ಕೆ ಬರೀ ಯು ಬರೆದರೆ ಅದು ಸೊನ್ನೆಯ ಹಾಗೆ ಕಾಣಿಸಿ 10 ಇದ್ದದ್ದು 100 ಆಗಬಹುದು. ಆಸ್ಪತ್ರೆಗಳಿಗೆ ಮಾನ್ಯತೆ ಕೊಡುವ ಅಮೆರಿಕದ ಜಾಯಿಂಟ್ ಕಮಿಷನ್ 2004ರಲ್ಲಿ ತಂದ ಬಳಸಬಾರದ ಸಂಕ್ಷೇಪಗಳ ಪಟ್ಟಿಯಲ್ಲಿ ಈ ಯು ಕೂಡ ಇದೆ. 1.0 ಎಂದು ಬರೆಯಬೇಡಿ ಎಂದೂ ಅದರಲ್ಲಿದೆ, ಯಾಕೆಂದರೆ ಚುಕ್ಕೆ ಮಾಸಿದರೆ ಅದು ಹತ್ತು. ಓದಲು ಕಲಿಯಿರಿ, ನೀವು ಬರೆಯುವಾಗ ಪೂರ್ತಿ ಬರೆಯಿರಿ.

ಬಿಡಿಸುವ ಆಟ ನಡೆಯದ ಕಡೆಗಳೂ ಇವೆ. ವೈಲ್ಸ್ ಡಿಸೀಸ್ ಎಂದರೆ ಕಾಮಾಲೆ ಮತ್ತು ಕಿಡ್ನಿ ತೊಂದರೆ ಜೊತೆಗಿರುವ ಜೋರಿನ ಇಲಿ ಜ್ವರ; 1886ರಲ್ಲಿ ಅದನ್ನು ವಿವರಿಸಿದ ಅಡಾಲ್ಫ್ ವೈಲ್ ಅವರ ಹೆಸರದು. ಫೋಲೀಸ್ ಕೆಥಟರ್, ಮೂಗಿನಿಂದ ಹೊಟ್ಟೆಗೆ ಇಳಿಸುವ ರೈಲ್ಸ್ ಟ್ಯೂಬ್ ಕೂಡ ಮನುಷ್ಯರ ಹೆಸರುಗಳೇ. ಇವನ್ನು ಸುಮ್ನೆ ಹಾಗೇ ಕಲಿಯಬೇಕು. ಓಮಾ ಎಂಬ ಬಾಲ ಗಡ್ಡೆಗೆ ಎಂದು ಹೇಳಿಕೊಡುತ್ತಾರೆ. ಆದರೆ ಹೆಮಟೋಮಾ ಬರೀ ರಕ್ತ ಕಟ್ಟಿದ್ದು, ಕಣ್ಣಿನ ಕಾಯಿಲೆ ಗ್ಲಾಕೋಮಾದಲ್ಲಿ ಗಡ್ಡೆಯೇ ಇಲ್ಲ, ಲಿಪೋಮಾ ನಿರುಪದ್ರವಿ, ಮೆಲನೋಮಾ ಕ್ಯಾನ್ಸರ್. ಶಬ್ದ ಬಿಡಿಸಿ ರೋಗಿಯ ಮನೆಯವರಿಗೆ ಅರ್ಥ ಹೇಳಲು ಹೋಗಬೇಡಿ ಎನ್ನುವುದು ಇದಕ್ಕೇ.

ಕೊನೆಗೆ ಪುಸ್ತಕ. ದುಡ್ಡು ಕೊಟ್ಟು ದಪ್ಪದ್ದು ತೆಗೆದುಕೊಳ್ಳಬೇಡಿ. ಲೈಬ್ರರಿಯಲ್ಲಿ ನರ್ಸುಗಳಿಗೆಂದೇ ಇರುವ ಸಣ್ಣ ಡಿಕ್ಷನರಿ ಸಾಕು. ಅಪ್ಲೈಡ್ ಅನಾಟಮಿಯ ಮೊದಲ ಯೂನಿಟ್ಟನ್ನು ಚೆನ್ನಾಗಿ ಓದಿ. ದಿಕ್ಕು, ಭಂಗಿ ಹೇಳುವ ಮೀಡಿಯಲ್, ಲ್ಯಾಟರಲ್, ಸುಪೈನ್, ಪ್ರೋನ್ ಎಲ್ಲ ಅಲ್ಲೇ ಇವೆ. ಯೂನಿಫಾರ್ಮಿನ ಜೇಬಿಗೆ ಹಿಡಿಯುವ ನೋಟ್‌ಬುಕ್ ಇಟ್ಟುಕೊಂಡು ದಿನಕ್ಕೆ ಒಬ್ಬ ರೋಗಿ, ಐದಾರು ಶಬ್ದ, ಅಷ್ಟೇ ಬರೆಯಿರಿ. ರೋಗಿಯ ಹೆಸರು ಬರೆಯಬೇಡಿ. ಸಂಜೆ ಹಾಸ್ಟೆಲ್ಲಿನಲ್ಲಿ ನೋಡದೆ ಹೇಳಿಕೊಳ್ಳಿ, ಮಾರನೇ ದಿನ ಒಮ್ಮೆ, ವಾರ ಬಿಟ್ಟು ಒಮ್ಮೆ. ಈ ಅಂತರದ ಲೆಕ್ಕವನ್ನು ಮೊಬೈಲ್ ಮಾಡಿಕೊಡಬೇಕಿದ್ದರೆ ಆಂಕಿ ಎಂಬ ಆ್ಯಪ್ ಇದೆ, ಆಂಡ್ರಾಯ್ಡ್‌ನಲ್ಲಿ ಉಚಿತ. ಬೇರೆಯವರು ಮಾಡಿಟ್ಟ ಸಾವಿರ ಕಾರ್ಡುಗಳನ್ನು ಇಳಿಸಿಕೊಂಡರೆ ಮತ್ತೆ ಅದೇ ನಲವತ್ತರ ಕತೆ. ನಿಮ್ಮ ಕಾರ್ಡ್ ನೀವೇ ಮಾಡಿ.

ಹ್ಯಾಂಡೋವರ್ ಮಧ್ಯೆ ಅರ್ಥವಾಗದ ಶಬ್ದ ಬಂದರೆ ಅಲ್ಲೇ ತಡೆದು ಕೇಳಬೇಡಿ, ಡ್ಯೂಟಿ ಮುಗಿಸಿ ಹೊರಟವರಿಗೆ ತಾಳ್ಮೆ ಇರುವುದಿಲ್ಲ. ಕಿವಿಗೆ ಬಿದ್ದ ಹಾಗೆ ಕನ್ನಡದಲ್ಲಿ ಗೀಚಿಕೊಳ್ಳಿ. ಬೆಳಗ್ಗಿನ ಮಾತ್ರೆ, ಬೆಡ್ ಮೇಕಿಂಗ್ ಮುಗಿದ ಮೇಲೆ ಇನ್‌ಚಾರ್ಜ್ ಸಿಸ್ಟರ್ ಹತ್ತಿರ ಹೋಗಿ, "ಸಿಸ್ಟರ್, ಬೆಡ್ ಏಳಕ್ಕೆ ಒಲಿಗೂರಿಕ್ ಅಂದ್ರಲ್ಲ, ನಾನು ಗಂಟೆಗಂಟೆಗೆ ಅಳತೆ ಬರೆಯಲಾ?" ಎಂದು ಕೇಳಿ. ಬರೀ ಅರ್ಥ ಕೇಳಿದರೆ ಓದ್ಕೋ ಹೋಗು ಎಂದಾರು. ಹೀಗೆ ಕೇಳಿದರೆ ಚಾರ್ಟ್ ತೆಗೆದು ಹೇಳಿಕೊಡುತ್ತಾರೆ.